ಸಮಪಾಲಿನ ಸಂಕಟ

ಕಬ್ಬು ನುರಿಸುವ ಹಂಗಾಮು ಮೊದಲಾಗಿ ಸಮೀರವಾಡಿ, ಮುಧೋಳ, ಹಿರೇಪಡಸಲಗಿ, ಸಿದ್ದಾಪುರಗಳ ಕಾರ್ಖಾನೆಗಳಲ್ಲಿ ಹೊಗೆಯೇಳತೊಡಗಿತೆಂದರೆ, ಜಮಖಂಡಿಯಿಂದ ಮುಧೋಳಕ್ಕೂ ರಬಕವಿ-ಬನಹಟ್ಟಿಯಿಂದ ಮಹಾಲಿಂಗಪುರಕ್ಕೂ ಹೋಗುವ ಹಾದಿಗಳಲ್ಲಿ ಎರಡೆರಡು ಟ್ರೇಲರುಗಳನ್ನು ಎಳೆದುಕೊಂಡು ತೆವಳುವ ಟ್ರ್ಯಾಕ್ಟರುಗಳದೇ ಸಾಮ್ರಾಜ್ಯ. ಡಾಂಬರು ರಸ್ತೆಯ ಮೇಲೆ ಅವು ತಂದೊಡ್ಡುವ ಪೀಕಲಾಟವನ್ನು ಈ ಭಾಗದ ಪ್ರಯಾಣಿಕರೆಲ್ಲರೂ ಬಲ್ಲರು. ಆದರೆ ಅವುಗಳ ನಿಜವಾದ ಪರೀಕ್ಷೆ ನಡೆಯುವುದು ರಸ್ತೆಯ ಮೇಲಲ್ಲ, ಕಬ್ಬು ಹೇರಿಕೊಂಡು ಹೊಲದಿಂದ ಹೊರಬೀಳುವ ಆ ಇಪ್ಪತ್ತು ಮಾರು ದೂರದಲ್ಲಿ. ಎರೆ ಮಣ್ಣಿನ ಹಸಿ ಇನ್ನೂ ಆರಿರದ ಒಡ್ಡಿನ ಬದಿಯಲ್ಲಿ ಹಿಂದಿನ ಒಂದು ಚಕ್ರ ಗಟ್ಟಿ ನೆಲದ ಮೇಲೆ, ಇನ್ನೊಂದು ರಾಡಿಯೊಳಗೆ ನಿಂತಾಗ, ಚಾಲಕನು ಎಷ್ಟೇ ಎಕ್ಸಿಲೇಟರ್ ಕೊಟ್ಟರೂ ರಾಡಿಯೊಳಗಿನ ಚಕ್ರವು ಗರಗರನೆ ತಿರುಗಿ ಹಿಂದೆ ನಿಂತವರ ಮೈಮೇಲೆಲ್ಲ ಕೆಸರು ಎರಚುವುದೇ ಹೊರತು, ಗಟ್ಟಿ ನೆಲದ ಮೇಲಿರುವ ಚಕ್ರವು ತನಗೂ ಈ ವ್ಯವಹಾರಕ್ಕೂ ಏನೇನೂ ಸಂಬಂಧವಿಲ್ಲವೆಂಬಂತೆ ಅಲುಗದೆ ನಿಂತಿರುತ್ತದೆ. ಆಗ ಕಬ್ಬು ಕಡಿಯುವವರ ಗುಂಪಿನಿಂದ ಯಾರಾದರೊಬ್ಬ ಹಿರಿಯನು "ಲಾಕ್ ಒತ್ತೋ ತಮ್ಮಾ, ಸ್ಟೇರಿಂಗ್ ತಿರುವಬ್ಯಾಡ!" ಎಂದು ಕೂಗುತ್ತಾನೆ. ಚಾಲಕನು ಬಲಗಾಲ ಹಿಮ್ಮಡಿಯಿಂದ ಆಸನದ ಕೆಳಗಿನ ಸಣ್ಣ ಪೆಡಲನ್ನು ಅದುಮುತ್ತಾನೆ. ಒಳಗೆಲ್ಲೋ ಲಟಕ್ಕೆಂದು ಸದ್ದಾಗುತ್ತದೆ. ಮರುಕ್ಷಣ ಎರಡೂ ಚಕ್ರಗಳು ಒಂದೇ ಸಮನೆ ತಿರುಗಿ, ಟ್ರೇಲರುಗಳ ಕೊಂಡಿಗಳು ಬಿಗಿದು, ಗಾಡಿ ಮೇಲಕ್ಕೆ ಬರುತ್ತದೆ.

ಹಳೆಯ ಸ್ಪೋರ್ಟ್ಸ್ ಕಾರಿನ ಡಿಫರೆನ್ಷಿಯಲ್ಲನ್ನು ಕುರಿತು ಬರೆಯಹೊರಟವನು ಕಬ್ಬಿನ ಹೊಲದಿಂದ ಏಕೆ ಆರಂಭಿಸಿದನೆಂದು ವಾಚಕರು ಕೇಳಬಹುದು. ಬೆಂಗಳೂರಿನಲ್ಲಿಯೋ ಪುಣೆಯಲ್ಲಿಯೋ ದುಡಿದು, ಹಳೆಯ ಕಾರಿನ ಹುಚ್ಚು ಹತ್ತಿಸಿಕೊಂಡು, ಅದರ ಹಿಂದಿನ ಆಕ್ಸಲ್ಲಿಗೆ 'ಲಿಮಿಟೆಡ್ ಸ್ಲಿಪ್' ಎಂಬ ಸಾಧನವನ್ನು ಬಿಗಿಮಾಡಿಸಬೇಕೆಂದು ಹಂಬಲಿಸುವ ನಮ್ಮ ಕಡೆಯ ತರುಣರು, ತಮ್ಮ ತಂದೆಯ ಟ್ರ್ಯಾಕ್ಟರಿನಲ್ಲಿ ಹುಟ್ಟಿನಿಂದ ಕಂಡಿರುವ ಸಂಗತಿಯನ್ನೇ ಅಲ್ಲಿ ಇನ್ನೊಂದು ವೇಷದಲ್ಲಿ ಕಾಣುತ್ತಿರುವರೆಂಬುದು ನನ್ನ ಅಭಿಪ್ರಾಯ. ಮೂಲವನ್ನು ಹೊಲದಲ್ಲಿ ಗ್ರಹಿಸಿದವನಿಗೆ ಕಾರಿನ ವಿಚಾರ ಕಷ್ಟವಾಗಲಾರದು.

ಗಾಡಿಯು ತಿರುವಿನಲ್ಲಿ ಹೋಗುವಾಗ ಹೊರಮಗ್ಗುಲಿನ ಚಕ್ರವು ಒಳಮಗ್ಗುಲಿನ ಚಕ್ರಕ್ಕಿಂತ ಹೆಚ್ಚು ದೂರ ಉರುಳಬೇಕಾಗುವುದಷ್ಟೆ. ಎರಡು ಚಕ್ರಗಳ ನಡುವಣ ಅಂತರ 1.4 ಮೀಟರ್ ಎಂದಿಟ್ಟುಕೊಂಡರೆ, ಒಂದು ಪೂರ್ಣ ಸುತ್ತಿನಲ್ಲಿ ಈ ವ್ಯತ್ಯಾಸ ಸುಮಾರು 8.8 ಮೀಟರ್ ಆಗುತ್ತದೆ. ಸುತ್ತು ಚಿಕ್ಕದಿರಲಿ ದೊಡ್ಡದಿರಲಿ ಈ ಸಂಖ್ಯೆ ಮಾತ್ರ ಬದಲಾಗುವುದಿಲ್ಲವೆಂಬುದು ರೇಖಾಗಣಿತದ ಒಂದು ಸೊಗಸು. ಎರಡೂ ಚಕ್ರಗಳನ್ನು ಒಂದೇ ಅಚ್ಚಿಗೆ ಭದ್ರವಾಗಿ ಬಿಗಿದಿದ್ದರೆ ಈ 8.8 ಮೀಟರನ್ನು ಯಾವುದಾದರೊಂದು ಟೈರು ನೆಲಕ್ಕೆ ಉಜ್ಜಿಕೊಂಡೇ ತೀರಿಸಬೇಕಾಗುತ್ತಿತ್ತು. ಈ ತೊಡಕನ್ನು ಬಿಡಿಸಲೆಂದು ಫ್ರಾನ್ಸಿನ ಒನೆಸಿಫೋರ್ ಪೆಕ್ಯೂರ್ ಎಂಬಾತನು ತನ್ನ ಉಗಿಗಾಡಿಗೆ, ಎರಡು ಚಕ್ರಗಳನ್ನೂ ಬೇರೆಬೇರೆ ವೇಗದಲ್ಲಿ ತಿರುಗಗೊಡುವ, ಈಗ ಡಿಫರೆನ್ಷಿಯಲ್ ಎಂದು ಕರೆಯುವ ಹಲ್ಲುಚಕ್ರಗಳ ಒಂದು ಜೋಡಣೆಯನ್ನು ಕಲ್ಪಿಸಿ 1828ರಲ್ಲಿ ಪೇಟೆಂಟ್ ಪಡೆದನು. ಇಂಗ್ಲೆಂಡಿನ ಜೇಮ್ಸ್ ಸ್ಟಾರ್ಲಿಯು 1877ರಲ್ಲಿ ಅದನ್ನೇ ಮೂರು ಗಾಲಿಯ ಸೈಕಲ್ಲಿಗೆ ಅಳವಡಿಸಿದನು. ಇಂದಿಗೂ ನಮ್ಮ ಗ್ಯಾರೇಜುಗಳಲ್ಲಿ ಕ್ರೌನ್, ಟೇಲ್ ಪಿನಿಯನ್, ಸ್ಟಾರ್ ಪಿನಿಯನ್ ಎಂದು ಮಿಸ್ತ್ರಿಗಳು ಹೆಸರಿಟ್ಟು ಕರೆಯುವ ಸಾಮಗ್ರಿಯೆಲ್ಲವೂ ಆ ಜೋಡಣೆಯ ಸಂತಾನವೇ.

ಇಷ್ಟು ಉಪಕಾರಿಯಾದ ಈ ಯಂತ್ರಕ್ಕೆ ಒಂದು ಸ್ವಭಾವಸಿದ್ಧವಾದ ದೋಷವುಂಟು, ಮತ್ತು ಆ ದೋಷವು ಅದರ ಗುಣದಿಂದಲೇ ಹುಟ್ಟಿದುದು. ವೇಗವನ್ನು ಹಂಚುವಲ್ಲಿ ಎಷ್ಟು ಉದಾರಿಯೋ, ಟಾರ್ಕ್ ಎಂದು ನಾವು ಕರೆಯುವ ತಿರುಚುಬಲವನ್ನು ಹಂಚುವಲ್ಲಿ ಅದು ಅಷ್ಟೇ ಹಟಮಾರಿ: ಎಡಕ್ಕೆಷ್ಟೋ ಬಲಕ್ಕೂ ಅಷ್ಟೇ, ಒಂದು ಗುಂಜಿ ಹೆಚ್ಚಿಲ್ಲ, ಒಂದು ಗುಂಜಿ ಕಡಿಮೆಯಿಲ್ಲ. ರಾಡಿಯೊಳಗಿನ ಚಕ್ರಕ್ಕೆ ಹತ್ತು ಪಾಲು ಬಲವನ್ನು ನೆಲಕ್ಕೆ ಒಪ್ಪಿಸುವ ಶಕ್ತಿ ಮಾತ್ರವಿದ್ದರೆ, ಗಟ್ಟಿ ನೆಲದ ಮೇಲಿನ ಚಕ್ರವು ನೂರು ಪಾಲು ಒಪ್ಪಿಸಲು ಸಿದ್ಧವಾಗಿದ್ದರೂ ಅದಕ್ಕೆ ಸಿಗುವುದು ಹತ್ತೇ. ಕೂಡಿ ಇಪ್ಪತ್ತು. ತುಂಬಿದ ಟ್ರೇಲರುಗಳೆರಡನ್ನು ಒಡ್ಡು ಹತ್ತಿಸಲು ಇಪ್ಪತ್ತು ಸಾಲದು.

ಟ್ರ್ಯಾಕ್ಟರು ಇದಕ್ಕೆ ಕಂಡುಕೊಂಡಿರುವ ಪರಿಹಾರಗಳು ಒರಟಾದರೂ ಪ್ರಾಮಾಣಿಕವಾದವು. ಮೊದಲನೆಯದು ಆ ಲಾಕ್. ಅದು ಸಮಪಾಲಿನ ನ್ಯಾಯವನ್ನೇ ಅಷ್ಟು ಹೊತ್ತು ರದ್ದುಮಾಡಿ ಎರಡು ಅಚ್ಚುಗಳನ್ನು ಒಂದಾಗಿಸುತ್ತದೆ, ಅದಕ್ಕೇ ಒತ್ತಿದಾಗ ತಿರುವಬಾರದು. ಎರಡನೆಯದು ಎಡಬಲಕ್ಕೆ ಬೇರೆಬೇರೆಯಾಗಿರುವ ಬ್ರೇಕುಗಳು: ನುರಿತ ಚಾಲಕನು ವ್ಯರ್ಥ ತಿರುಗುವ ಚಕ್ರದ ಬ್ರೇಕನ್ನಷ್ಟೇ ಹಗುರಾಗಿ ಹಿಡಿದು, ಅದಕ್ಕೊಂದು ಕೃತಕ ಭಾರವನ್ನು ಹೊರಿಸಿ, ಸಮಪಾಲಿನ ನಿಯಮದಿಂದಲೇ ಆಚೆಯ ಚಕ್ರಕ್ಕೂ ಅಷ್ಟು ಬಲ ದೊರೆಯುವಂತೆ ಮಾಡುತ್ತಾನೆ. ಮೂರನೆಯದು ಹಿಂದಿನ ಟೈರುಗಳಿಗೆ ನೀರು ತುಂಬಿಸಿ, ಚಕ್ರಕ್ಕೆ ಕಬ್ಬಿಣದ ತೂಕ ಕಟ್ಟಿ, ನೆಲದ ಹಿಡಿತವನ್ನೇ ಹೆಚ್ಚಿಸುವುದು. ಈ ಮೂರನ್ನೂ ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಕಾರಿನ ವಿಚಾರದಲ್ಲಿ ಮೂರೂ ಮರಳಿ ಬರುತ್ತವೆ.

ಗಂಟೆಗೆ ನೂರು ಕಿಲೋಮೀಟರ್ ವೇಗದಲ್ಲಿ ತಿರುವಿಗಿಳಿಯುವ ಕಾರಿಗೆ ಹಿಮ್ಮಡಿಯ ಲಾಕು ಒಗ್ಗತಕ್ಕದ್ದಲ್ಲ. ಅದಕ್ಕೆ ಬೇಕಾದುದು ತೆರೆದ, ಎಂದರೆ ಯಾವ ತಡೆಯೂ ಇಲ್ಲದ, ಡಿಫರೆನ್ಷಿಯಲ್ಲಿನ ಔದಾರ್ಯಕ್ಕೂ ಲಾಕಿನ ಕಾಠಿಣ್ಯಕ್ಕೂ ನಡುವಣ ಒಂದು ಮಧ್ಯಮ ಮಾರ್ಗ. ಫರ್ಡಿನಂಡ್ ಪೋರ್ಶೆಯು ರೂಪಿಸಿದ ಆಟೋ ಯೂನಿಯನ್ ಸಂಸ್ಥೆಯ 16 ಸಿಲಿಂಡರಿನ ಪಂದ್ಯದ ಕಾರುಗಳಲ್ಲಿ ಎಂಜಿನ್ನಿನ ಬಲ ಎಷ್ಟು ಅಧಿಕವಾಗಿತ್ತೆಂದರೆ, ಸಾಕಷ್ಟು ವೇಗದಲ್ಲಿಯೂ ಒಂದು ಚಕ್ರ ವ್ಯರ್ಥವಾಗಿ ಸುತ್ತುತ್ತಿತ್ತು. ಆದಕಾರಣ 1935ರಲ್ಲಿ ಜರ್ಮನಿಯ ಝಡ್‌ಎಫ್ ಸಂಸ್ಥೆಯಿಂದ ಜಾರುವಿಕೆಯನ್ನು ಮಿತಗೊಳಿಸುವ ಸಾಧನವೊಂದನ್ನು ಮಾಡಿಸಲಾಯಿತು. ಅದು ಕ್ಲಚ್ ಫಲಕಗಳ ಮಾದರಿಯಾಗಿರಲಿಲ್ಲ. ಫಲಕಗಳ ಮಾದರಿ ಸಾಮಾನ್ಯ ಗ್ರಾಹಕನ ಕೈಗೆ ಬಂದದ್ದು 1956ರ ಸುಮಾರಿಗೆ, ಅಮೆರಿಕೆಯ ಸ್ಟುಡಿಬೇಕರ್-ಪ್ಯಾಕರ್ಡ್ ಕಾರುಗಳ ಮೂಲಕ. ಆಮೇಲೆ 1961ರಲ್ಲಿ ಹೊರಬಂದ 3.8 ಲೀಟರಿನ ಜಾಗ್ವಾರ್ ಇ-ಟೈಪಿನಲ್ಲಿ ಅದು ಕಾರಿನೊಡನೆಯೇ ಬರತೊಡಗಿತು. ಹಳೆಯ ಪೋರ್ಶೆ 911, ಬಿಎಂಡಬ್ಲ್ಯೂ ಮುಂತಾದವುಗಳ ಒಳಗೂ ಇದೇ ವಂಶದ ಸಾಧನವಿದೆ.

ಅದರ ಒಳಗನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಎರಡು ಪಕ್ಕದ ಹಲ್ಲುಚಕ್ರಗಳ ಬೆನ್ನಿಗೆ, ಅವುಗಳಿಗೂ ಹೊರಗಿನ ಪೆಟ್ಟಿಗೆಗೂ ನಡುವೆ, ಉಕ್ಕಿನ ತೆಳ್ಳನೆಯ ಫಲಕಗಳನ್ನು ಒಂದರ ಮೇಲೊಂದು ಜೋಡಿಸಿರುತ್ತಾರೆ. ಒಂದು ಫಲಕದ ಒಳಅಂಚು ಹಲ್ಲುಚಕ್ರಕ್ಕೆ ಕಚ್ಚಿದರೆ ಅದರ ಪಕ್ಕದ ಫಲಕದ ಹೊರಅಂಚು ಪೆಟ್ಟಿಗೆಗೆ ಕಚ್ಚಿರುತ್ತದೆ. ಫಲಕಗಳನ್ನು ಒತ್ತಿ ಹಿಡಿದಷ್ಟೂ ಹಲ್ಲುಚಕ್ರವು ಪೆಟ್ಟಿಗೆಯೊಡನೆ ತಿರುಗಲು ಬಯಸುತ್ತದೆ, ಒತ್ತಡ ಮೀರಿದ ಜಗ್ಗಾಟ ಬಂದಾಗ ಮಾತ್ರ ಜಾರಿ ಬಿಟ್ಟುಕೊಡುತ್ತದೆ. ಬನಹಟ್ಟಿಯ ಯಾವ ನೇಕಾರನಿಗೂ ಇದನ್ನು ಬಿಡಿಸಿ ಹೇಳಬೇಕಾದ ಅಗತ್ಯವಿಲ್ಲ. ಮಗ್ಗದಲ್ಲಿ ಹಾಸಿನ ಬೀಮಿನ ತುದಿಗೆ ಸರಪಳಿಯನ್ನು ಸುತ್ತಿ, ಅದಕ್ಕೆ ಸನ್ನೆಕೋಲಿನ ಮೂಲಕ ತೂಕ ತೂಗುಬಿಟ್ಟು, ಬಟ್ಟೆ ಎಳೆದಷ್ಟೇ ನೂಲು ಬಿಚ್ಚಿಕೊಳ್ಳುವಂತೆಯೂ ತಾನಾಗಿ ಸಡಿಲಗೊಳ್ಳದಂತೆಯೂ ಮಾಡುವ ಏರ್ಪಾಟು ಇದೇ ತತ್ತ್ವದ ಮೇಲೆ ನಿಂತಿದೆ. ಬೀಮು ಬರಿದಾಗುತ್ತ ಅದರ ದಪ್ಪ ಇಳಿದಂತೆ ಎಳೆಗಳ ಬಿಗಿ ಹೆಚ್ಚುವುದರಿಂದ ನೇಕಾರನು ತೂಕವನ್ನು ಆಗಾಗ ಒಳಕ್ಕೆ ಸರಿಸಬೇಕಾಗುತ್ತದೆ. ಘರ್ಷಣೆಯನ್ನು ನಂಬಿದ ಯಾವ ಯಂತ್ರವನ್ನೂ ಒಮ್ಮೆ ಹೊಂದಿಸಿ ಮರೆತುಬಿಡಲು ಬರುವುದಿಲ್ಲ.

ಕಾರಿನಲ್ಲಿ ಒತ್ತಡವು ಎರಡು ಕಡೆಯಿಂದ ಬರುತ್ತದೆ. ಮೊದಲನೆಯದು ತಟ್ಟೆಯಂತೆ ಬಾಗಿದ ವಾಷರ್ ಸ್ಪ್ರಿಂಗುಗಳು ಸದಾಕಾಲ ಕೊಡುವ ಅಲ್ಪವಾದ ಒತ್ತಡ, ಪೂರ್ವಭಾರ. ಎರಡನೆಯದು ಎಂಜಿನ್ನಿನ ಬಲದಿಂದಲೇ ಹುಟ್ಟುವಂಥದು, ಮತ್ತು ಈ ಸಾಧನದ ಜಾಣ್ಮೆಯೆಲ್ಲ ಇಲ್ಲಿಯೇ ಅಡಗಿದೆ. ಸ್ಟಾರ್ ಪಿನಿಯನ್ನುಗಳನ್ನು ಹೊತ್ತ ದಂಡದ ತುದಿಗಳು ಎರಡು ಒತ್ತುಬಳೆಗಳ ನಡುವೆ ಕೊರೆದ ಇಳಿಜಾರಿನ ಗುಂಡಿಗಳಲ್ಲಿ ಕುಳಿತಿರುತ್ತವೆ. ಬಲ ಬಿದ್ದಾಗ ದಂಡವು ಇಳಿಜಾರನ್ನು ಹತ್ತಲೆತ್ನಿಸಿ ಬಳೆಗಳನ್ನು ಎಡಕ್ಕೂ ಬಲಕ್ಕೂ ತಳ್ಳುತ್ತದೆ. ಬಳೆಗಳು ಫಲಕಗಳನ್ನು ಅದುಮುತ್ತವೆ. ಅಂದರೆ ಎಂಜಿನ್ನು ಹೆಚ್ಚು ಎಳೆದಷ್ಟೂ ಬಿಗಿ ಹೆಚ್ಚು, ಕಾಲು ತೆಗೆದಾಗ ಬಿಗಿ ಕಡಿಮೆ. ಇಳಿಜಾರಿನ ಕೋನವನ್ನು ನೋಡಿ ಬಿಗಿಯನ್ನು ಲೆಕ್ಕಹಾಕಬಹುದು: ದಂಡವು ನೂರು ಪಾಲು ತಳ್ಳಿದಾಗ 30 ಡಿಗ್ರಿಯ ಇಳಿಜಾರು ಫಲಕಗಳ ಮೇಲೆ ಸುಮಾರು 173 ಪಾಲು ಒತ್ತಡವನ್ನು ಹಾಕಿದರೆ, 45 ಡಿಗ್ರಿಯದು 100 ಪಾಲನ್ನೂ 60 ಡಿಗ್ರಿಯದು 58 ಪಾಲನ್ನೂ ಹಾಕುತ್ತದೆ, 90 ಡಿಗ್ರಿಯದು ಬರಿಯ ಗೋಡೆ, ಅದರಿಂದ ಏನೂ ಹುಟ್ಟದು. ಗುಂಡಿಯ ಒಂದು ಮಗ್ಗುಲು ವೇಗ ಹೆಚ್ಚಿಸುವಾಗಲೂ ಇನ್ನೊಂದು ಮಗ್ಗುಲು ಕಾಲು ತೆಗೆದು ಎಂಜಿನ್ನಿನ ಹಿಡಿತದಲ್ಲಿ ಬರುವಾಗಲೂ ಕೆಲಸ ಮಾಡುವುದರಿಂದ, ಎರಡನೆಯ ಮಗ್ಗುಲನ್ನು ಗೋಡೆಯಂತೆ ಕೊರೆದರೆ ಒನ್-ವೇ, ಮೊದಲಿನಷ್ಟೇ ಓರೆಯಾಗಿಸಿದರೆ ಟೂ-ವೇ, ನಡುವೆ ನಿಲ್ಲಿಸಿದರೆ ಒಂದೂವರೆ ಎಂದು ಪಂದ್ಯದವರು ಕರೆಯುತ್ತಾರೆ.

ಪತ್ರಿಕೆಗಳಲ್ಲಿ 25 ಪ್ರತಿಶತ, 40 ಪ್ರತಿಶತ ಲಾಕ್ ಎಂದು ಓದಿ ತರುಣರು ಬೆರಗಾಗುವುದುಂಟು. ಎರಡು ಚಕ್ರಗಳ ಬಲದ ವ್ಯತ್ಯಾಸವು ಒಟ್ಟು ಬಲದ ಎಷ್ಟನೆಯ ಪಾಲು ಆಗಬಹುದೆಂಬುದೇ ಆ ಸಂಖ್ಯೆ. ರಾಡಿಯ ಚಕ್ರದ ಹತ್ತು ಪಾಲಿನ ಲೆಕ್ಕಕ್ಕೇ ಮರಳೋಣ: ತೆರೆದ ಡಿಫರೆನ್ಷಿಯಲ್ಲಿನಲ್ಲಿ ಆಚೆಯ ಚಕ್ರಕ್ಕೆ ಹತ್ತು, ಬಿಎಂಡಬ್ಲ್ಯೂ ಇ30 ಎಂ3 ಕಾರಿನ 25 ಪ್ರತಿಶತದಲ್ಲಿ ಸುಮಾರು ಹದಿನೇಳು, 911ಕ್ಕೆ ಗ್ರಾಹಕನ ಇಚ್ಛೆಯ ಮೇರೆಗೆ ಕೊಡುತ್ತಿದ್ದ 40 ಪ್ರತಿಶತದಲ್ಲಿ ಇಪ್ಪತ್ತಮೂರು, ಪಂದ್ಯಕ್ಕೆಂದೇ ಬಿಗಿದ 75 ಪ್ರತಿಶತದಲ್ಲಿ ಎಪ್ಪತ್ತು. ಹಳೆಯ ಪೆಟ್ಟಿಗೆಯನ್ನು 'ಮೇಲ್ದರ್ಜೆಗೇರಿಸುವುದು' ಎಂದರೆ ಬಹುಮಟ್ಟಿಗೆ ಇಷ್ಟೇ: ಕಾರ್ಖಾನೆಯು ಎರಡು ಒಳಅಂಚಿನ ಫಲಕಗಳನ್ನು ಒಟ್ಟಿಗೆ ಇಟ್ಟು ಉಜ್ಜುವ ಮುಖಗಳ ಸಂಖ್ಯೆಯನ್ನು ಬೇಕೆಂತಲೇ ಕಡಿಮೆಮಾಡಿರುವಲ್ಲಿ, ಅವುಗಳನ್ನು ಒಂದು ಬಿಟ್ಟು ಒಂದರಂತೆ ಮರುಜೋಡಿಸಿ, ಅಥವಾ ತೆಳ್ಳನೆಯ ಫಲಕಗಳನ್ನು ಇನ್ನಷ್ಟು ಸೇರಿಸಿ, ಮುಖಗಳನ್ನು ಹೆಚ್ಚಿಸುವುದು. ಮುಖಗಳು ಇಮ್ಮಡಿಯಾದರೆ ಅದೇ ಒತ್ತಡಕ್ಕೆ ಘರ್ಷಣೆಯೂ ಇಮ್ಮಡಿ.

ಇಲ್ಲಿ ಒಂದು ಸೂಕ್ಷ್ಮವಿದೆ, ಅನೇಕರು ಇದನ್ನು ಅಲಕ್ಷಿಸುತ್ತಾರೆ. ಒಂದು ಚಕ್ರವು ನೆಲಬಿಟ್ಟು ಮೇಲೆದ್ದರೆ ಅದು ಒಪ್ಪಿಸುವ ಬಲ ಸೊನ್ನೆ. ಇಳಿಜಾರಿನ ಮೇಲೆ ಬಲವೇ ಬೀಳದಿರುವಾಗ ಬಳೆಗಳನ್ನು ತಳ್ಳುವವರು ಯಾರು? ಆ ಹೊತ್ತಿನಲ್ಲಿ ಪೂರ್ವಭಾರದ ಆಸರೆಯೊಂದೇ ಉಳಿಯುವುದು. ಸ್ಪ್ರಿಂಗು ಸತ್ತು ಫಲಕ ಸವೆದಿದ್ದರೆ ಬಹುಮೌಲ್ಯದ ಆ ಪೆಟ್ಟಿಗೆಯೂ ತೆರೆದ ಡಿಫರೆನ್ಷಿಯಲ್ಲಿನಂತೆಯೇ ಕೈಚೆಲ್ಲುತ್ತದೆ. ಹ್ಯಾಂಡ್‌ಬ್ರೇಕನ್ನು ಒಂದೆರಡು ಹಲ್ಲು ಎಳೆದು ಆ ಚಕ್ರಕ್ಕೊಂದಿಷ್ಟು ಭಾರ ಕೊಟ್ಟರೆ ಮಾತ್ರ ಅದು ಎಚ್ಚೆತ್ತುಕೊಳ್ಳುವುದು. ಮುಧೋಳದ ಟ್ರ್ಯಾಕ್ಟರ್ ಚಾಲಕನು ಒಂಟಿ ಬ್ರೇಕಿನಿಂದ ಮಾಡುವುದೂ ಅದನ್ನೇ.

ನಮ್ಮ ಊರುಗಳಲ್ಲಿ ಇ-ಟೈಪನ್ನು ಹುಡುಕಿದರೆ ಸಿಗಲಾರದು, ಆದರೆ ಈ ಫಲಕಗಳ ಹತ್ತಿರದ ಬಂಧುವೊಂದು ಜಮಖಂಡಿಯ ಪೇಟೆಯಲ್ಲಿ ದಿನವೂ ಓಡಾಡುತ್ತಿದೆ. ಮಹೀಂದ್ರದ ಥಾರ್ ಜೀಪಿಗೆ 2015ರ ಪರಿಷ್ಕರಣದಲ್ಲಿ ಹಿಂದಿನ ಆಕ್ಸಲ್ಲಿಗೆ ಈಟನ್ ಸಂಸ್ಥೆಯ ಯಾಂತ್ರಿಕ ಲಾಕ್ ಸೇರಿತು. ಎರಡು ಚಕ್ರಗಳ ವೇಗದಲ್ಲಿ ನಿಮಿಷಕ್ಕೆ ಸುಮಾರು 100 ಸುತ್ತಿನ ಅಂತರ ಬಂದೊಡನೆ ಅದರೊಳಗಿನ ಸಣ್ಣ ತೂಕಗಳು ಹೊರಕ್ಕೆ ಹಾರಿ ಕೊಕ್ಕೆಗೆ ಸಿಕ್ಕಿ, ಇಳಿಜಾರಿನ ಮೂಲಕ ಫಲಕಗಳನ್ನು ಪೂರ್ತಿಯಾಗಿ ಅದುಮಿಬಿಡುತ್ತವೆ. ಗಾಡಿಯ ವೇಗ ಗಂಟೆಗೆ ಮೂವತ್ತು ಚಿಲ್ಲರೆ ಕಿಲೋಮೀಟರ್ ದಾಟಿದಾಗ ಲಾಕ್ ಬೀಳದಂತೆ ಇನ್ನೊಂದು ತೂಕ ಕಾವಲಿರುತ್ತದೆ. ಇದು ಪಂದ್ಯದ ಸಾಧನವಲ್ಲ, ರೈತನ ಹಿಮ್ಮಡಿಯನ್ನು ಯಂತ್ರಕ್ಕೇ ಕಲಿಸಿದ ಉಪಾಯ. ಆದ್ದರಿಂದ ಥಾರಿನ ಅನುಭವವನ್ನು ಹಿಡಿದುಕೊಂಡು ಹಳೆಯ ಕಾರಿಗೂ ಅದೇ ಬಿಗಿಯನ್ನು ಬಯಸುವುದು ಸಲ್ಲದು.

ಇನ್ನು ಬಿಚ್ಚುವ ವಿಚಾರ. ಮೊದಲು ಬಿಚ್ಚದೆಯೇ ಪರೀಕ್ಷಿಸಲು ಬರುತ್ತದೆ: ಹಿಂದಿನ ಎರಡೂ ಚಕ್ರಗಳನ್ನು ಸ್ಟ್ಯಾಂಡಿನ ಮೇಲೆತ್ತಿ, ಗೇರನ್ನು ನ್ಯೂಟ್ರಲ್ಲಿಗೆ ತಂದು, ಒಂದನ್ನು ಕೈಯಿಂದ ತಿರುಗಿಸಿದಾಗ ಇನ್ನೊಂದು ಅದೇ ದಿಕ್ಕಿನಲ್ಲಿ ತಿರುಗಿದರೆ ಫಲಕಗಳಲ್ಲಿ ಜೀವವಿದೆಯೆಂದೂ, ವಿರುದ್ಧ ದಿಕ್ಕಿನಲ್ಲಿ ತಿರುಗಿದರೆ ಹಿಡಿತ ಹೋಗಿದೆಯೆಂದೂ ತಿಳಿಯತಕ್ಕದ್ದು. ಒಂದೇ ಚಕ್ರವನ್ನೆತ್ತಿ, ಅದರ ಹಬ್ಬಿಗೆ ಟಾರ್ಕ್ ಪಾನಾ ಹಾಕಿ, ಎಷ್ಟು ಬಲಕ್ಕೆ ಅದು ಜಾರುತ್ತದೆಂದು ಓದಿದರೆ ಪೂರ್ವಭಾರ ಸಿಗುತ್ತದೆ; ಆಯಾ ಕಾರಿನ ಕೈಪಿಡಿಯ ಸಂಖ್ಯೆಯೊಡನೆ ಅದನ್ನು ಹೋಲಿಸಬೇಕು. ಒಂದೇ ಚಕ್ರ ಮೇಲಿರುವಾಗ ಮಾತ್ರ ಎಂಜಿನ್ ಚಾಲೂ ಮಾಡಿ ಗೇರಿಗೆ ಹಾಕಬಾರದು; ನೆಲದ ಮೇಲಿನ ಚಕ್ರ ಕಾರನ್ನು ಜ್ಯಾಕಿನಿಂದ ಎಳೆದುಕೊಂಡೇ ಹೊರಡುತ್ತದೆ.

ಪೆಟ್ಟಿಗೆಯನ್ನು ಹೊರತೆಗೆಯುವಾಗ ಎಡದ ಬೇರಿಂಗಿನ ಶಿಮ್ಮು ಎಡಕ್ಕೇ, ಬಲದ್ದು ಬಲಕ್ಕೇ ಎಂದು ಗುರುತು ಹಾಕಿಟ್ಟುಕೊಳ್ಳದ ಮಿಸ್ತ್ರಿಯ ಕೈಗೆ ಕಾರನ್ನು ಒಪ್ಪಿಸದಿರುವುದು ಲೇಸು, ಏಕೆಂದರೆ ಕ್ರೌನಿಗೂ ಟೇಲ್ ಪಿನಿಯನ್ನಿಗೂ ನಡುವಣ ಕೂದಲೆಳೆಯಷ್ಟು ಸಂದು ಆ ಶಿಮ್ಮುಗಳ ಮೇಲೆಯೇ ನಿಂತಿದೆ. ಪೆಟ್ಟಿಗೆ ಬಿಚ್ಚಿ ಫಲಕಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು ಬೆಳಕಿಗೆ ಹಿಡಿದಾಗ ಕಾರಿನ ಪೂರ್ವಚರಿತ್ರೆಯೆಲ್ಲ ಕಣ್ಣಿಗೆ ಬೀಳುತ್ತದೆ: ಹೊಸ ಫಲಕದ ಮುಖವು ಬೂದುಬಣ್ಣದ್ದಾಗಿ, ಬೆರಳಿಗೆ ತುಸು ಒರಟಾಗಿ ಹತ್ತುವುದು, ಕೆಲವದರಲ್ಲಿ ಮಾಲಿಬ್ಡಿನಮ್ಮಿನ ಲೇಪವಿರುವುದು, ಸವೆದದ್ದು ಕನ್ನಡಿಯಂತೆ ಹೊಳೆಯುವುದು, ಎಣ್ಣೆ ಬದಲಿಸದೆ ಓಡಿಸಿದ್ದರಲ್ಲಿ ಅಂಚಿನುದ್ದಕ್ಕೂ ಸುಟ್ಟ ನೀಲಿ ಬಣ್ಣ ಕಾಣುವುದು. ಅಂಚಿನ ಕಿವಿಗಳು ಪೆಟ್ಟಿಗೆಯ ಕೊರಕಲುಗಳಲ್ಲಿ ಬಡಿದು ಬಡಿದು ತೋಡಿದ ಗುಳಿಗಳು ಆಳವಾಗಿದ್ದರೆ ಹೊಸ ಫಲಕವೂ ಅಲ್ಲಿ ಸಿಕ್ಕಿಬೀಳುತ್ತದೆ, ಸರಾಗವಾಗಿ ಸರಿಯಲಾರದು. ಆಗ ಪೆಟ್ಟಿಗೆಯನ್ನೇ ಬದಲಿಸಬೇಕು. ಹೊಸ ಫಲಕಗಳ ಒಟ್ಟು ದಪ್ಪವನ್ನು ಅಳೆದು, ಎರಡೂ ಮಗ್ಗುಲಿಗೆ ಸಮನಾಗುವಂತೆ ಹೊಂದಿಸುವುದರಲ್ಲಿ ಮಿಲಿಮೀಟರಿನ ಹತ್ತನೆಯ ಒಂದು ಭಾಗಕ್ಕೂ ಬೆಲೆಯುಂಟು.

ಬಿಗಿಯನ್ನು ಎಷ್ಟಕ್ಕೆ ಏರಿಸಬೇಕು ಎಂಬಲ್ಲಿ ನನ್ನ ಮಾತು ಕೆಲವರಿಗೆ ರುಚಿಸಲಿಕ್ಕಿಲ್ಲ. ರಸ್ತೆಯ ಮೇಲೆ ಓಡಿಸುವ ಹಳೆಯ ಕಾರಿಗೆ ಕಾರ್ಖಾನೆಯ ಬಿಗಿಯನ್ನು ಮರಳಿ ಕೊಡುವುದೇ ಬಹುಪಾಲು ಸಾಕು; ತೀರ ಆಸೆಯಿದ್ದರೆ 25ರಿಂದ 40ಕ್ಕೆ ಏರಬಹುದು, ಅದರಾಚೆಗೆ ಹೋಗಲು ಪಂದ್ಯದ ಅಂಗಳವಿರಬೇಕು. ಕಾರಣವನ್ನು ನಮ್ಮ ರಸ್ತೆಗಳೇ ಹೇಳುತ್ತವೆ. ಹಂಗಾಮಿನಲ್ಲಿ ಹೊಲದಿಂದ ಏರಿಬರುವ ಟ್ರ್ಯಾಕ್ಟರುಗಳ ಗಾಲಿಗಂಟಿದ ಎರೆಮಣ್ಣು ಡಾಂಬರಿನ ಮೇಲೆ ಉದುರಿ, ಬೆಳಗಿನ ಇಬ್ಬನಿಗೆ ನೆನೆದು, ಸಾಬೂನಿನ ಪದರದಂತಾಗಿರುತ್ತದೆ. ಅಂಥ ತಿರುವಿನಲ್ಲಿ ತೆರೆದ ಡಿಫರೆನ್ಷಿಯಲ್ಲಿನ ಕಾರಿಗೆ ಬಲ ಹೆಚ್ಚಾದರೆ ಒಂದು ಚಕ್ರವಷ್ಟೇ ಜಾರಿ ಸುತ್ತುತ್ತದೆ, ಇನ್ನೊಂದು ನೆಲವನ್ನು ಹಿಡಿದು ಬಾಲವನ್ನು ಕಾಯುತ್ತದೆ. ಬಹಳ ಬಿಗಿಮಾಡಿದ ಕಾರಿನಲ್ಲಿಯಾದರೋ ಎರಡೂ ಒಮ್ಮೆಲೇ ಜಾರಿ, ಬಾಲವೇ ಮುಂದಕ್ಕೆ ಬರಹೊರಡುತ್ತದೆ. ಟೂ-ವೇ ಇಳಿಜಾರಿನ ಪೆಟ್ಟಿಗೆಯಾದರೆ ಕಾಲು ತೆಗೆದಾಗಲೂ ಹಿಂದಿನ ಚಕ್ರಗಳು ಒಂದಾಗಿ ನೆಟ್ಟಗೆ ಹೋಗಲು ಹಟಮಾಡುವುದರಿಂದ, ತಿರುವಿನ ಬಾಯಲ್ಲಿ ಮೂತಿ ತಿರುಗದೆ ಹೊರಕ್ಕೆ ಒಯ್ಯುತ್ತದೆ. ಹಣವನ್ನು ಪೆಟ್ಟಿಗೆಗೆ ಸುರಿಯುವ ಮೊದಲು ಗಟ್ಟಿಯಾಗಿ ಕಲ್ಲಾದ ಹತ್ತು ವರ್ಷದ ಟೈರುಗಳನ್ನೂ ಸವೆದ ಸಸ್ಪೆನ್ಷನ್ ಬುಶ್ಶುಗಳನ್ನೂ ಬದಲಿಸಿ ನೋಡತಕ್ಕದ್ದು. ಟೈರಿಗೆ ನೀರು ತುಂಬಿಸುವ ರೈತನು ನೆಲದ ಹಿಡಿತಕ್ಕೆ ಮೊದಲ ಸ್ಥಾನ ಕೊಟ್ಟಿರುವುದು ತಿಳಿಗೇಡಿತನದಿಂದಲ್ಲ.

ಜೋಡಣೆ ಮುಗಿದ ತರುವಾಯ ಎಣ್ಣೆಯ ಆಯ್ಕೆಯಲ್ಲಿ ಉಳಿತಾಯ ಕೂಡದು. ಸಾಮಾನ್ಯ ಗೇರ್ ಎಣ್ಣೆ ಹಲ್ಲುಗಳನ್ನು ಕಾಪಾಡುವುದಾದರೂ ಫಲಕಗಳು ಒಮ್ಮೆ ಹಿಡಿದು ಒಮ್ಮೆ ಬಿಟ್ಟು ಕಟಕಟನೆ ಅದುರುವುದನ್ನು ತಡೆಯಲಾರದು; ಡಬ್ಬಿಯ ಮೇಲೆ ಜಿಎಲ್-5 ಎಂಬುದರೊಡನೆ ಲಿಮಿಟೆಡ್ ಸ್ಲಿಪ್ಪಿಗೆ ತಕ್ಕದ್ದೆಂದು ಬರೆದಿರುವ, ಘರ್ಷಣೆಯನ್ನು ಹದಗೊಳಿಸುವ ರಾಸಾಯನಿಕ ಬೆರೆತ ಎಣ್ಣೆಯನ್ನೇ ಹಾಕಬೇಕು. ಬಳಿಕ ಬಯಲಿನಲ್ಲಿ ಎಂಟರ ಅಂಕೆಯಂತೆ ನಿಧಾನವಾಗಿ, ಎಡಕ್ಕೂ ಬಲಕ್ಕೂ, ಆಗಾಗ ನಿಲ್ಲಿಸಿ ತಣಿಸುತ್ತ, ಕಾರನ್ನು ಸುತ್ತಿಸಿದರೆ ಹೊಸ ಮುಖಗಳು ಪರಸ್ಪರ ಹೊಂದಿಕೊಳ್ಳುತ್ತವೆ. ಕೊಯಿಲಾಗಿ ಒಣಗಿ ಗಟ್ಟಿಯಾದ ಬಯಲು ಬೀಳಗಿಯ ಕಡೆಗೆ ಬೇಕಾದಷ್ಟಿದೆ. ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಆ ಮೊದಲ ಎಣ್ಣೆಯನ್ನು ಬಿಸಿಯಿರುವಾಗಲೇ ಇಳಿಸಿ, ಡ್ರೇನ್ ಬೋಲ್ಟಿನ ಆಯಸ್ಕಾಂತವನ್ನು ಒರೆಸಿ ನೋಡಬೇಕು: ಅದಕ್ಕೆ ಮೆತ್ತಿದ ಬೂದಿಯಂಥ ನುಣುಪು ಹಿಟ್ಟು ಹೊಸ ಫಲಕಗಳ ಸಹಜ ಸವೆತ, ಹೊಸ ಎಣ್ಣೆ ತುಂಬಿ ಮುಂದುವರಿಯಬಹುದು, ಹಲ್ಲಿನ ಚೂರೋ ಚೂಪಾದ ಉಕ್ಕಿನ ಸೀಳೋ ಬೆರಳಿಗೆ ಚುಚ್ಚಿದರೆ ಮಾತ್ರ ಪೆಟ್ಟಿಗೆಯನ್ನು ಮತ್ತೆ ಬಿಚ್ಚಬೇಕು.